ಮುತ್ಯಾಲಮ್ಮ ಕಂಡ ಸಮುದ್ರ

ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ, ತೀರಿಹೋದವರಿಗೆ ಬದುಕಿದ್ದಾಗ ಏನು ಇಷ್ಟವಾಗಿತ್ತೋ ಅದನ್ನು ಎಲೆಯ ಮೇಲೆ ಇಡಲೇಬೇಕು. ಇದು ನಮ್ಮ ಕಡೆಯ ಪದ್ಧತಿ. ನಮ್ಮ ತಂದೆಗೆ ಕೋಳಿಸಾರು ಮತ್ತು ಒಂದು ಕಟ್ಟು ಬೀಡಿ. ತಾಯಿಗೆ ಎಲೆ ಅಡಿಕೆ, ಹೊಗೆಸೊಪ್ಪು. ಚಿಕ್ಕಪ್ಪನ ಇಷ್ಟ ಬಾಟಲಿಯಲ್ಲಿ ಬರುವಂಥದು. ಅದನ್ನು ದೇವರ ಪಟಗಳಿಗೆ ಕಾಣದ ಹಾಗೆ ಬಾಳೆಯೆಲೆಯ ಮರೆಯಲ್ಲಿ ಇಡುತ್ತೇವೆ. ಇಷ್ಟದ್ದು ಇಲ್ಲದೆ ಹೋದರೆ ಹಿರಿಯರು ಹೊಸ್ತಿಲ ತನಕ ಬಂದು, ಎಲೆ ನೋಡಿ, ಹಸಿದುಕೊಂಡೇ ತಿರುಗಿ ಹೋಗುತ್ತಾರೆ ಎಂದು ಹೇಳುತ್ತಾರೆ. ನಾನು ಅದನ್ನು ನಂಬಿದವನು.

ನನ್ನ ಹೆಂಡತಿ ಮುತ್ಯಾಲಮ್ಮ ಶಿವರಾತ್ರಿ ಕಳೆದ ವಾರ ದೇವರ ಪಾದ ಸೇರಿದಳು. ಬರುವ ಮಹಾಲಯ ಅಮಾವಾಸ್ಯೆಗೆ ಅವಳ ಮೊದಲ ಎಡೆ. ಅವಳ ಎಲೆಯ ಮೇಲೆ ಏನಿಡಬೇಕೆಂದು ಮನೆಯಲ್ಲಿ ಒಬ್ಬರಿಗೂ ತಿಳಿಯದು ಎಂಬ ಸಂಗತಿ ಗೌರಿ ಹಬ್ಬದ ಹೊತ್ತಿಗೆ ಹೊರಬಿತ್ತು.

ಮಗ ನಾಗೇಶ್ ಹೆಸರುಬೇಳೆ ಪಾಯಸ ಎಂದ. ಸೊಸೆ ರಾಧ ನಕ್ಕು, ಅದು ನಿಮ್ಮ ಇಷ್ಟ, ನಿಮಗೋಸ್ಕರ ಅತ್ತೆ ಮಾಡುತ್ತಿದ್ದರು ಎಂದಳು. ಹಾಗಾದರೆ ಅವರೆಕಾಳಿನ ಸಾರು ಇರಬಹುದು ಎಂದು ಅವಳೇ ಹೇಳಿದಳು. ಆಮೇಲೆ ಅವಳಿಗೇ ನೆನಪಾಯಿತು: ಅತ್ತೆ ಕಾಳನ್ನೆಲ್ಲ ನಮ್ಮ ತಟ್ಟೆಗಳಿಗೆ ಹಾಕಿ, ಉಳಿದ ರಸದಲ್ಲಿ ಮುದ್ದೆ ಅದ್ದಿಕೊಂಡು ಏಳುತ್ತಿದ್ದರು. ನಾನು ಹೋಳಿಗೆ ಎಂದೆ. ಇಬ್ಬರೂ ನನ್ನ ಮುಖ ನೋಡಿದರು. ಹೋಳಿಗೆ ನನಗೆ ಪ್ರಾಣ ಎಂಬುದು ಊರಿಗೆಲ್ಲ ಗೊತ್ತು. ಮೊಮ್ಮಗಳು ಲಿಖಿತ ಮಾತ್ರ ಧೈರ್ಯವಾಗಿ, "ಅಜ್ಜಿಗೆ ನಾನಂದ್ರೇನೆ ಇಷ್ಟ" ಎಂದಳು. ಅದು ನಿಜ. ಆದರೆ ಅವಳನ್ನು ಎಲೆಯ ಮೇಲೆ ಕೂರಿಸುವ ಹಾಗಿಲ್ಲ.

ಯೋಚನೆ ಮಾಡುತ್ತ ಕೊಟ್ಟಿಗೆಯ ಮುಂದೆ ಕೂತಿದ್ದಾಗ ನನಗೆ ಒಂದು ಸಂಗತಿ ನೆನಪಿಗೆ ಬಂತು. ಮುತ್ಯಾಲಮ್ಮ ನನ್ನನ್ನು ಬಿಟ್ಟು ದೂರದ ಊರಿಗೆ ಹೋದದ್ದು ಜೀವಮಾನದಲ್ಲಿ ಒಂದೇ ಸಲ. ಅದು ನಮ್ಮೂರ ಮಹಿಳಾ ಹಾಲು ಸಂಘದ ಪ್ರವಾಸ. ಊರವರು ಸಂಘವನ್ನು ಡೈರಿ ಎಂದೇ ಕರೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಡೈರಿಯ ಹೆಂಗಸರು ಬಸ್ಸು ಮಾಡಿಕೊಂಡು ಚೆನ್ನೈಯಿಂದ ಆಚೆ, ಸಮುದ್ರದ ಪಕ್ಕದಲ್ಲಿರುವ ಒಂದು ಹಳೆಯ ಬಂಗಲೆ ನೋಡಿ ಬಂದಿದ್ದರು. ಬಂದವಳು ಚೀಲವನ್ನೂ ಇಳಿಸದೆ ನೆಟ್ಟಗೆ ಹಸುಗಳ ಹತ್ತಿರ ಹೋದಳು. ನಾನು ಹಿಂದೆಯೇ ಹೋಗಿ ಸಮುದ್ರ ಹೇಗಿತ್ತು ಎಂದು ಕೇಳಿದೆ.

"ನೀರು. ಬಾಳ ಇತ್ತು."

"ಬಂಗ್ಲೆ?"

"ತಣ್ಣಗಿತ್ತು."

ಇಷ್ಟೇ ಅವಳ ಪ್ರವಾಸ ಕಥನ. ಆದರೆ ಆಮೇಲೆ ಎಷ್ಟೋ ತಿಂಗಳು, ಹಾಲು ಕರೆಯುವಾಗ ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು ತನ್ನಷ್ಟಕ್ಕೆ ತಾನು ನಗುತ್ತಿದ್ದಳು. ಏನು ನಗು ಎಂದು ಕೇಳಿದರೆ, ಬಂಗಲೆ ನೆನಪಾಯಿತು ಎನ್ನುವಳು. ಅವಳಿಗೆ ಇಷ್ಟವಾದ ಯಾವುದೋ ಒಂದು ಆ ಊರಿನಲ್ಲಿ ಇದೆ, ತಿನ್ನುವ ವಸ್ತುವೋ ನೋಡುವ ವಸ್ತುವೋ ತಿಳಿಯದು, ಎಂದು ನನಗೆ ಖಚಿತವಾಯಿತು.

ಶ್ರೀರಾಮನ ದಯೆ, ಈ ವರ್ಷವೂ ಡೈರಿಯ ಬಸ್ಸು ಅಲ್ಲಿಗೇ ಹೊರಟಿತ್ತು. ಹೋದ ಸಲ ತಪ್ಪಿಸಿಕೊಂಡ ಹೆಂಗಸರು ಹಟ ಹಿಡಿದಿದ್ದರು. ಡೈರಿಗೆ ಈಗ ಹಾಲು ಹಾಕುವುದು ರಾಧಳ ಹೆಸರಿನಲ್ಲಿ. ಅವಳು ತನ್ನ ಜಾಗ ನನಗೆ ಬಿಟ್ಟುಕೊಟ್ಟಳು. "ಮಾವ, ನನ್ ಬದ್ಲು ನೀವೋಗ್ಬನ್ನಿ. ಅಸುಗಳ್ನ ನಾನ್ ನೋಡ್ಕತೀನಿ" ಎಂದಳು. ಡೈರಿಯ ಅಧ್ಯಕ್ಷೆ ಇಂದ್ರಾಣಿಯನ್ನು ಕೇಳಿದಾಗ, ಹೆಂಗಸರ ಬಸ್ಸಿನಲ್ಲಿ ಹತ್ತಿದ ಮೇಲೆ ಹಾಡಬೇಕು, ಕುಣಿಯಬೇಕು, ಆಗುತ್ತದೆಯೇ ತಾತ ಎಂದು ಕೇಳಿದಳು. ಭಜನೆಯಾದರೆ ಹೇಳುತ್ತೇನೆ ಎಂದೆ. ಹಾಗಾದರೆ ಡ್ರೈವರ್ ನಿದ್ದೆ ಮಾಡಿಬಿಡುತ್ತಾನೆ, ಸುಮ್ಮನೆ ಕೂತಿದ್ದರೆ ಸಾಕು ಎಂದಳು.

ಇನ್ನೊಂದು ಅನುಕೂಲವೂ ಇತ್ತು. ಸಾವಾದ ಮನೆಯವರು ವರ್ಷ ತುಂಬುವವರೆಗೆ ದೇವಸ್ಥಾನದ ಹೊಸ್ತಿಲು ದಾಟುವುದಿಲ್ಲ. ನಮ್ಮಂಥವರಿಗೆ ಪ್ರವಾಸ ಎಂದರೆ ತಿರುಪತಿ, ಇಲ್ಲವೆ ಧರ್ಮಸ್ಥಳ. ದೇವರಿಲ್ಲದ ಊರಿಗೆ, ಬರೀ ಮನೆ ಮತ್ತು ನೀರು ನೋಡುವುದಕ್ಕೆ, ನಾನು ಹೊರಟದ್ದು ಇದೇ ಮೊದಲು. ಸಾಮಾನು ಕಟ್ಟುವಾಗ ಕೈ ತಾನಾಗಿ ತೆಂಗಿನಕಾಯಿಯ ಕಡೆಗೆ ಹೋಯಿತು. ಯಾರಿಗೆ ಒಡೆಯುವುದು ಎಂದು ವಾಪಸು ಇಟ್ಟೆ.

ಸಂಜೆಯ ಹಾಲು ಹಾಕಿದ ಮೇಲೆಯೇ ಬಸ್ಸು ಹೊರಟಿತು. ಡೈರಿಯ ಹೆಂಗಸರು ಯಾವುದಕ್ಕೆ ಹೊರಟರೂ ಹಾಲಿನ ಹೊತ್ತು ನೋಡಿಕೊಂಡೇ ಹೊರಡುವವರು. ನನಗೆ ಸಿಕ್ಕಿದ್ದು ಅಕ್ಕಯ್ಯಮ್ಮನ ಪಕ್ಕದ ಸೀಟು. ಅಕ್ಕಯ್ಯಮ್ಮ ನಮ್ಮ ಪಕ್ಕದ ಮನೆಯವಳು. ಮುತ್ಯಾಲಮ್ಮನನ್ನು ಅಕ್ಕ ಎಂದೂ ನನ್ನನ್ನು ಬಾವ ಎಂದೂ ಕರೆಯುವವಳು, ಆ ಸಲುಗೆಯಲ್ಲಿ ನನ್ನನ್ನು ಗೇಲಿ ಮಾಡುವ ಹಕ್ಕನ್ನೂ ಇಟ್ಟುಕೊಂಡವಳು. ಹೋದ ಸಲದ ಪ್ರವಾಸದಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ನನಗೆ ಬೇಕಾದ ಉತ್ತರ ಯಾರ ಹತ್ತಿರವಾದರೂ ಇದ್ದರೆ ಇವಳ ಹತ್ತಿರವೇ ಎಂದು ನಂಬಿ ನಾನು ಬಸ್ಸು ಹತ್ತಿದ್ದೆ.

ಚಿನ್ನದ ಗಣಿಗಳಿದ್ದ ಕೋರಮಂಡಲ್ ದಾಟುವಾಗ, ಗಣಿಯ ಮಣ್ಣು ಸುರಿದು ಎದ್ದ ಸೈನೈಡ್ ದಿಬ್ಬಗಳ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ನಾವು ಹೋಗುವ ಸಮುದ್ರದ ದಂಡೆಗೂ ಕೋರಮಂಡಲ್ ಎಂದೇ ಹೆಸರು ಎಂದು ಡ್ರೈವರ್ ಹೇಳಿದ. ಗಣಿ ಮುಚ್ಚುವ ತನಕ ನಾನು ಇಲ್ಲಿಯ ಮೈಸೂರು ಮೈನ್ಸಿನಲ್ಲಿ ದುಡಿದವನು. ನೆಲದ ಕೆಳಗಿನ ಆ ಸೆಕೆಯನ್ನು ನೆನೆದು, ಆ ಕೋರಮಂಡಲದಲ್ಲಾದರೂ ಗಾಳಿ ಇದ್ದೀತು ಎಂದೆ. "ಗಾಳಿ ಅಂದ್ರೆ ಅದು ಗಾಳಿ ಬಾವ" ಎಂದು ಅಕ್ಕಯ್ಯಮ್ಮ ತಟ್ಟನೆ ಅಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡವಳ ಹಾಗೆ ಬುತ್ತಿ ಬಿಚ್ಚತೊಡಗಿದಳು.

ನಾನು ಅದನ್ನೇ ಹಿಡಿದುಕೊಂಡೆ. ಅಲ್ಲಿ ಮುತ್ಯಾಲಮ್ಮನಿಗೆ ಏನು ಇಷ್ಟವಾಯಿತು, ಏನು ತಿಂದಳು, ಏನನ್ನು ಬಹಳ ಹೊತ್ತು ನೋಡಿದಳು ಎಂದೆಲ್ಲ ಕೇಳಿದೆ. ಎಡೆಯ ವಿಷಯವನ್ನೂ ಹೇಳಿದೆ. ಎಲ್ಲರೂ ನೋಡಿದ್ದನ್ನೇ ನೋಡಿದಳು, ಎಲ್ಲರೂ ತಿಂದದ್ದನ್ನೇ ತಿಂದಳು ಎಂದು ಉತ್ತರ ಬಂತು. ಒಂದು ಕೋಳಿ ಕಳೆದುಹೋದ ಕಥೆಯನ್ನು ಬಂಗಾರಪೇಟೆಯಿಂದ ಕೋಲಾರದ ತನಕ ಹೇಳಬಲ್ಲವಳು ಅಕ್ಕಯ್ಯಮ್ಮ. ಇವತ್ತು ಎರಡೇ ಮಾತಿನಲ್ಲಿ ಮುಗಿಸಿದಳು. ನನ್ನ ಕೈಗೆ ಹುಚ್ಚೆಳ್ಳು ಚಟ್ನಿ ಸವರಿದ ರೊಟ್ಟಿ ಕೊಟ್ಟು, ತಿನ್ನು ಬಾವ, ಆರಿಹೋಗುತ್ತದೆ ಎಂದಳು. ರೊಟ್ಟಿ ಆಗಲೇ ಆರಿತ್ತು.

ಗಡಿ ದಾಟಿದ ಮೇಲೆ ಹೆಂಗಸರು ಕನ್ನಡ ಹಾಡು ಮುಗಿಸಿ ತೆಲುಗಿಗೆ ಇಳಿದರು, ತೆಲುಗು ಮುಗಿದ ಮೇಲೆ ತಮಿಳಿಗೆ. ಬೆಳಗಾದಾಗ ಬಸ್ಸು ಸಮುದ್ರದ ಸೀಮೆಗೆ ಬಂದಿತ್ತು. ದಾರಿಯಲ್ಲಿ ಒಂದು ಅಮ್ಮನವರ ಗುಡಿ ಕಂಡದ್ದೇ ತಡ, ದೇವರಿಲ್ಲದ ಪ್ರವಾಸ ಎಂಬುದನ್ನು ಮರೆತು ಎಲ್ಲರೂ ಇಳಿದರು. ನಾನು ಒಳಗೆ ಹೋಗುವ ಹಾಗಿಲ್ಲವಲ್ಲ, ಮೆಟ್ಟಿಲ ಹತ್ತಿರ ಕೂತೆ. ಇಂದ್ರಾಣಿ ಬಂದು ತನ್ನ ಚಪ್ಪಲಿಯನ್ನು ನನ್ನ ಮುಂದೆ ಬಿಟ್ಟಳು. ಅವಳನ್ನು ನೋಡಿ ಉಳಿದವರೂ ಬಿಟ್ಟರು. ಕೈಚೀಲಗಳೂ ಬಂದವು. ತಾತ ಬಂದದ್ದು ಒಳ್ಳೆಯದೇ ಆಯಿತು ಎಂದು ಯಾರೋ ಹೇಳಿದರು. ಹೆಂಗಸರ ಬಸ್ಸಿನಲ್ಲಿ ನನಗೂ ಒಂದು ಉದ್ಯೋಗ ಸಿಕ್ಕಿದ್ದು ನನಗೂ ಸಮಾಧಾನ ತಂದಿತು.

ಅಲ್ಲಿಂದ ಸ್ವಲ್ಪ ದೂರದಲ್ಲೇ ಬಸ್ಸು ಮತ್ತೆ ನಿಂತಿತು. ಇಳಿದು ನೋಡಿದರೆ ಇನ್ನೊಂದು ದೇವಸ್ಥಾನ. ಇದು ಬಹಳ ದೊಡ್ಡದು. ಎತ್ತರವಾದ ಜಗಲಿ, ಸಾಲು ಕಂಬ, ಬಾಗಿಲ ಮೇಲೆ ಎರಡು ಆನೆಗಳ ನಡುವೆ ಕೂತ ಲಕ್ಷ್ಮಿ, ಎರಡು ಪಕ್ಕದಲ್ಲೂ ಕಲ್ಲಿನ ದೀಪದ ಕಂಬ. ಹೆಂಗಸರೆಲ್ಲ ಮೆಟ್ಟಿಲ ಮುಂದೆ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದರು. ನಾನು ಹೊರಗಿನಿಂದಲೇ ಲಕ್ಷ್ಮಿಗೆ ಕೈ ಮುಗಿದು, ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಹೊಂದಿಸಿ, ಜಗಲಿಯ ಮೇಲೆ ಕೂತೆ. ಬಂಗಲೆಗೆ ಇನ್ನೆಷ್ಟು ದೂರವೋ, ಇವರು ದಾರಿಯ ದೇವರನ್ನೆಲ್ಲ ಮುಗಿಸಿ ಅಲ್ಲಿಗೆ ಮುಟ್ಟುವುದು ಯಾವಾಗಲೋ ಎಂದುಕೊಂಡೆ. ರಾಮನಾಮ ಹೇಳುತ್ತ ಬಹಳ ಹೊತ್ತು ಕಳೆದೆ. ಎಲ್ಲಿಂದಲೋ ಒಳ್ಳೆಯ ಗಾಳಿ ಬರುತ್ತಿತ್ತು.

ಆಗ ಖಾಕಿ ಅಂಗಿ ತೊಟ್ಟ ಕಾವಲಿನ ಮುದುಕನೊಬ್ಬ ಬಂದು, ಯಾಕೆ ಇಲ್ಲೇ ಕೂತಿರಿ ಎಂದು ತಮಿಳಿನಲ್ಲಿ ಕೇಳಿದ. ಗಣಿಯಲ್ಲಿ ಕೆಲಸ ಮಾಡಿದವರಿಗೆ ತಮಿಳು ಹೇಳಿಕೊಡಬೇಕಾಗಿಲ್ಲ. ನಮಗೆ ವರ್ಷ ತುಂಬಿಲ್ಲ, ದೇವರ ಬಾಗಿಲು ದಾಟಬಾರದು ಎಂದು ನಾನೂ ತಮಿಳಿನಲ್ಲೇ ಹೇಳಿದೆ. ಅವನು ನನ್ನನ್ನು ನೋಡಿದ, ಚಪ್ಪಲಿಗಳನ್ನು ನೋಡಿದ, ಬಾಗಿಲ ಮೇಲಿನ ಲಕ್ಷ್ಮಿಯನ್ನು ನೋಡಿದ. ಅಯ್ಯಾ, ಇದು ಉಪ್ಪಿನ ಸಾಹುಕಾರರ ಮನೆ, ಒಳಗೆ ಮಂಚ ಕುರ್ಚಿಗಳು ಬಿಟ್ಟರೆ ಯಾವ ದೇವರೂ ಇಲ್ಲ ಎಂದ. ಹಾಗೆ ಹೇಳುವಾಗ ಅವನು ನಗಲಿಲ್ಲ. ಅದಕ್ಕೆ ಅವನ ಮೇಲೆ ನನಗೆ ಗೌರವ ಹುಟ್ಟಿತು. ಬಂಗಲೆ ಎಂದರೆ ಇದೇ ಎಂದು ಆಗ ತಿಳಿಯಿತು.

ಯಾವ ಊರು ಎಂದು ಕೇಳಿದ. ಬಂಗಾರಪೇಟೆಯ ಹತ್ತಿರ, ಕ್ಯಾಸಂಬಳ್ಳಿ ಹೋಬಳಿ, ಡೈರಿಯವರು ಎಂದೆ. ಅವನ ಮುಖ ಅರಳಿತು. ಹಾಲಿನವರೇ, ಹಿಂದೆಯೂ ಒಂದು ಸಲ ಬಂದಿದ್ದಿರಲ್ಲವೇ ಎಂದು ಚಪ್ಪಲಿಗಳ ಆಚೆ ಬಾಗಿಲ ಒಳಗೆ ಇಣುಕಿ ನೋಡಿ, ನನ್ನ ಕಡೆ ತಿರುಗಿದ.

"ತೂಂಗಿನ ಅಮ್ಮಾ ವರಲಯಾ?"

ಮಲಗಿದ್ದ ಅಮ್ಮ ಬರಲಿಲ್ಲವೇ ಎಂದು ಕೇಳಿದ್ದು. ಯಾವ ಅಮ್ಮ ಎಂದೆ. ಅವನು ಜಗಲಿಯ ಮೇಲೆ ಕೂತು ಸಂತೋಷವಾಗಿ ಹೇಳಿದ. ಆ ಸಲ ಎಲ್ಲ ಹೆಂಗಸರೂ ಮನೆ ನೋಡಿ ಸಮುದ್ರಕ್ಕೆ ಓಡಿದರಂತೆ. ಒಬ್ಬಾಕೆ ಮಾತ್ರ ಮೇಲಿನ ಮಹಡಿಯ ಪಡಸಾಲೆಯಲ್ಲಿ ಸೆರಗು ಹಾಸಿಕೊಂಡು ಮಲಗಿಬಿಟ್ಟಳಂತೆ. ಇವನು ಹೋಗಿ ಕೆಮ್ಮಿದರೂ ಏಳಲಿಲ್ಲ, ಬೀಗದ ಕೈ ಅಲ್ಲಾಡಿಸಿದರೂ ಏಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಥಟ್ಟನೆ ಎದ್ದು ಕೂತು, ಕನ್ನಡದಲ್ಲಿ ಹಾಲು ಹಾಲು ಎಂದು ಏನೋ ಕೇಳಿದಳಂತೆ. ಆಮೇಲೆ ಮಲಗಿದ್ದಕ್ಕೆ ನಾಚಿಕೊಂಡು, ಇವನ ಕೈಯಿಂದ ಪೊರಕೆ ಕಿತ್ತುಕೊಂಡು, ಅಷ್ಟುದ್ದದ ಪಡಸಾಲೆಯನ್ನು ಗುಡಿಸಿಕೊಟ್ಟು ಹೋದಳಂತೆ. ಈ ಮನೆ ನೋಡಲು ಎಷ್ಟೋ ಜನ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಆದರೆ ಈ ಮನೆಯಲ್ಲಿ ಸುಖವಾಗಿ ಇದ್ದವರನ್ನು ನಾನು ನೋಡಿದ್ದು ಆಕೆಯನ್ನು ಮಾತ್ರ ಎಂದ.

ಪೊರಕೆಯ ಮಾತು ಬಂದ ಮೇಲೆ ನನಗೆ ಹೆಸರು ಕೇಳುವ ಅಗತ್ಯ ಉಳಿಯಲಿಲ್ಲ.

ಅಷ್ಟರಲ್ಲಿ ಅಕ್ಕಯ್ಯಮ್ಮ ನನ್ನನ್ನು ಹುಡುಕುತ್ತ ಬಾಗಿಲಿಗೆ ಬಂದಳು. ನಾನು ಚಪ್ಪಲಿ ಕಾಯುತ್ತ ಕೂತದ್ದನ್ನು ಕಂಡು ಗೇಲಿ ಮಾಡಲು ಬಾಯಿ ತೆರೆದಳು. ಪಕ್ಕದಲ್ಲಿ ಕಾವಲಿನವನನ್ನು ಕಂಡು ಹಾಗೇ ನಿಂತಳು.

"ಯೇಳ್ಬುಟ್ನಾ?" ಎಂದಳು.

"ಯೇಳ್ದ" ಎಂದೆ.

ಅವಳು ಬಂದು ಮೆಟ್ಟಿಲ ಮೇಲೆ, ಚಪ್ಪಲಿಗಳ ನಡುವೆ, ಜಾಗ ಮಾಡಿಕೊಂಡು ಕೂತಳು. "ಅಕ್ಕ ನನ್ ಕೈಲಿ ಆಣೆ ಆಕಿಸ್ಕಂಡಿದ್ಲು ಬಾವ. ಆಲಿನ ಕ್ಯಾನ್ ಮುಟ್ಟಿ ಆಣೆ. ಅಷ್ಟ್ ದೂರ ಓಗಿ ಮಲಿಕ್ಕಂಡ್ ಬಂದ್ಲು ಅಂತ ಊರೆಲ್ಲ ಆಡ್ಕೊಂಡ್ ನಗ್ತದೆ, ಅವ್ರೂ ನಗ್ತಾರೆ ಅಂದ್ಲು."

"ಅವ್ರು ಅಂದ್ರೆ ಯಾರು?"

"ಇನ್ಯಾರು, ನೀನೇ."

ಮಿಕ್ಕದ್ದನ್ನು ಅವಳು ಒಂದೇ ಉಸಿರಿಗೆ ಹೇಳಿದಳು. ಮಹಡಿ ಹತ್ತಿದ ಕೂಡಲೇ ಆ ಗಾಳಿ, ಆ ತಣ್ಣನೆಯ ನೆಲ. ಒಂದು ಗಳಿಗೆ ಕೂತಿರುತ್ತೇನೆ, ನೀವು ನಡೆಯಿರಿ ಎಂದಳಂತೆ ಮುತ್ಯಾಲಮ್ಮ. ತಿರುಗಿ ನೋಡುವುದರೊಳಗೆ ಮಲಗಿದ್ದಳು. ಇಂದ್ರಾಣಿ ಎಬ್ಬಿಸಲು ಹೊರಟಾಗ, ಸ್ವಲ್ಪ ತಲೆ ಸುತ್ತುತ್ತದೆಯಂತೆ ಎಂದು ಅಕ್ಕಯ್ಯಮ್ಮ ಸುಳ್ಳು ಹೇಳಿ ಅವರನ್ನೆಲ್ಲ ಸಮುದ್ರಕ್ಕೆ ಅಟ್ಟಿದಳು. ಮತ್ತೆ ಯಾರೂ ಮೇಲೆ ಬಂದು ಗದ್ದಲ ಮಾಡಬಾರದೆಂದು ತಾನು ಮಹಡಿಯ ಮೆಟ್ಟಿಲ ಮೇಲೆ ಕೂತಳು. ಶಾಲೆಯ ಮಕ್ಕಳ ಗುಂಪೊಂದು ಬಂದಿತ್ತಂತೆ. ಮೇಲೆ ಜೇನು ಕಟ್ಟಿದೆ ಎಂದು ಹೆದರಿಸಿ ಅವರನ್ನೂ ಇಳಿಸಿದಳಂತೆ.

ನನಗೆ ಒಂದು ಸಂದೇಹ ಬಂತು. "ಅಂಗಾರೆ ನೀನು ಸಮುದ್ರಕ್ಕೆ ಯಾವಾಗ್ ಓದೆ?"

ಅಕ್ಕಯ್ಯಮ್ಮ ಒಂದು ಚಪ್ಪಲಿಯನ್ನು ತೆಗೆದು ಸರಿಯಾಗಿದ್ದ ಜೋಡಿಯನ್ನೇ ಮತ್ತೆ ಜೋಡಿಸಿದಳು.

"ನಾನೂ ನೋಡ್ನಿಲ್ಲ ಬಾವ."

ಪ್ರವಾಸದಿಂದ ಬಂದ ಮೇಲೆ ಇವಳು ಅರಳಿಕಟ್ಟೆಯಲ್ಲಿ ಸಮುದ್ರವನ್ನು ವರ್ಣಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅಲೆ ಎಂದರೆ ಆನೆಯ ಎತ್ತರ, ಸದ್ದು ಎಂದರೆ ನೂರು ಗಿರಣಿಯ ಸದ್ದು, ತನ್ನ ಕಾಲು ಹಿಡಿದು ಎಳೆದುಕೊಂಡೇ ಹೋಗಿತ್ತು, ಇಂದ್ರಾಣಿ ಜಡೆ ಹಿಡಿದು ಉಳಿಸಿದಳು ಎಂದೆಲ್ಲ ಹೇಳಿದ್ದಳು. ಅದನ್ನು ಕೇಳಿ, ಅಷ್ಟು ಕಂಡ ಮೇಲೂ ನನ್ನವಳು ನೀರು ಬಹಳ ಇತ್ತು ಎಂದು ಸುಮ್ಮನಾದಳಲ್ಲ ಎಂದು ನಾನು ಅಚ್ಚರಿಪಟ್ಟಿದ್ದೆ. ಅಷ್ಟೆಲ್ಲ ಹೇಗೆ ಹೇಳಿದೆ ಎಂದು ಈಗ ಕೇಳಿದೆ.

"ಟೀವೀಲಿ ತೋರಿಸ್ತಾರಲ್ಲ" ಎಂದಳು. "ಅಕ್ಕನಿಗೂ ಯೇಳ್ಕೊಟ್ಟಿದ್ದೆ. ಅವ್ಳು ಆನೆಗೀನೆ ಎಲ್ಲ ಮರ್ತುಬುಟ್ಟು ನೀರು ಅಂದ್ಬುಟ್ಳು."

ನಾನು ನಕ್ಕುಬಿಟ್ಟೆ. ತಡೆಯಲು ಆಗಲಿಲ್ಲ. ಅಕ್ಕಯ್ಯಮ್ಮನೂ ನಕ್ಕಳು, ನಗುತ್ತ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಕಾವಲಿನವನು ಭಾಷೆ ತಿಳಿಯದೆಯೂ ನಕ್ಕ. ಚಪ್ಪಲಿಗಳನ್ನು ಅವನ ವಶಕ್ಕೆ ಕೊಟ್ಟು ನಾನು ಒಳಗೆ ಹೋದೆ.

ಮನೆ ಎಂದರೆ ಮನೆ. ಒಂದು ತೊಟ್ಟಿ ದಾಟಿದರೆ ಇನ್ನೊಂದು ತೊಟ್ಟಿ. ಬರ್ಮಾದಿಂದ ಹಡಗಿನಲ್ಲಿ ತರಿಸಿದ ತೇಗದ ಕಂಬಗಳು, ಎರಡು ಕೈ ಚಾಚಿದರೂ ತಬ್ಬಲಾಗದಷ್ಟು ದಪ್ಪ. ಆಳೆತ್ತರದ ಕನ್ನಡಿಗಳು ಮಂಜು ಕಟ್ಟಿದ ಹಾಗೆ ಮಬ್ಬಾಗಿದ್ದವು. ಹಿತ್ತಾಳೆಯ ಸರಪಳಿಯ ತೂಗುಮಂಚ ಇತ್ತು. ಅದರ ಮೇಲೆ ಯಾರೂ ಕೂರಬಾರದೆಂದು ಹಗ್ಗ ಕಟ್ಟಿದ್ದರು. ಇಂದ್ರಾಣಿ ಮತ್ತು ಉಳಿದವರು ತೊಟ್ಟಿಯ ನಡುವೆ ನಿಂತು, ಇಲ್ಲಿ ಎಷ್ಟು ಹಸು ಕಟ್ಟಬಹುದು, ಗಂಜಲ ಹರಿದುಹೋಗಲು ಇಳಿಜಾರು ಸಾಕೇ ಎಂದು ಚರ್ಚೆ ಮಾಡುತ್ತಿದ್ದರು. ಸಾಹುಕಾರರ ಹೆಂಡತಿಯ ಪಟದ ಮುಂದೆ ಯಾರೋ ಅಭ್ಯಾಸ ಬಲದಿಂದ ಊದುಕಡ್ಡಿ ಹಚ್ಚಿದ್ದರು.

ಮಹಡಿಯ ಮೆಟ್ಟಿಲನ್ನು ಅಕ್ಕಯ್ಯಮ್ಮ ನನಗಿಂತ ಮುಂದೆ ಹತ್ತಿದಳು. ಮೇಲೆ ಉದ್ದಕ್ಕೂ ಪಡಸಾಲೆ, ಅದರ ಒಂದು ಪಕ್ಕ ಪೂರ್ತಿ ತೆರೆದಿತ್ತು. ಸುಣ್ಣದ ಗಾರೆ ಹಾಕಿ ತಿಕ್ಕಿದ ನೆಲ ಹಾಲಿನ ಕೆನೆಯ ಹಾಗೆ ನುಣುಪಾಗಿತ್ತು. ತೆಂಗಿನ ತಲೆಗಳ ಆಚೆ ಒಂದು ನೀಲಿ ಗೆರೆ ಕಾಣುತ್ತಿತ್ತು. ಅಲ್ಲಿಂದ ಗಾಳಿ ಬಂದು ಒಳಗೆಲ್ಲ ತುಂಬಿಕೊಳ್ಳುತ್ತಿತ್ತು. ಅಕ್ಕಯ್ಯಮ್ಮ ಮೂರನೆಯ ಕಂಬದ ಹತ್ತಿರ ನಿಂತು, "ಇಲ್ಲೇ. ತಲೆ ಈ ಕಡೀಕೆ" ಎಂದಳು. ಆಮೇಲೆ ಹೋಗಿ ಮೆಟ್ಟಿಲ ತುದಿಯಲ್ಲಿ, ಬಹುಶಃ ಹೋದ ಸಲ ಕೂತಲ್ಲಿಯೇ, ಕೂತಳು.

ನಾನು ನೆಲದ ಮೇಲೆ ಕೂತೆ. ಆಮೇಲೆ ತಲೆ ಆ ಕಡೆ ಮಾಡಿ ಮಲಗಿದೆ.

ಗಣಿಯಲ್ಲಿ ನನಗೆ ರಾತ್ರಿ ಪಾಳಿ ಬಂದ ವಾರಗಳಲ್ಲಿ ನಾನು ಹಗಲು ಮಲಗುತ್ತಿದ್ದೆ. ಆಗ ಮುತ್ಯಾಲಮ್ಮ ಮಕ್ಕಳನ್ನು ಬೀದಿಗೆ ಅಟ್ಟುವಳು, ಮಾಡಿನ ಮೇಲೆ ಕೂತ ಕಾಗೆಗಳನ್ನು ಓಡಿಸುವಳು, ಹಸುವಿನ ಕೊರಳ ಗಂಟೆ ಬಡಿಯದ ಹಾಗೆ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತುವಳು. ನಾನು ಏಳುವ ಹೊತ್ತಿಗೆ ಬಟ್ಟೆ ಬಿಚ್ಚಿರುತ್ತಿದ್ದಳು. ರಾತ್ರಿ ನಾನು ಮಲಗಿದ ಮೇಲೆ ಮಲಗುವಳು, ನಾನು ಏಳುವ ಮುಂಚೆ ಕೊಟ್ಟಿಗೆಯಲ್ಲಿರುವಳು. ಅವಳು ಮಲಗಿದ್ದ ಒಂದು ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳಲು ನೋಡಿದೆ. ಕಾಯಿಲೆಯ ಕೊನೆಯ ದಿನಗಳನ್ನು ಬಿಟ್ಟರೆ ಒಂದೂ ಸಿಗಲಿಲ್ಲ. ಈಗ ಈ ಸಾಹುಕಾರರ ಮನೆಯಲ್ಲಿ ಒಂದು ಸಿಕ್ಕಿತು: ಸೆರಗು ಹಾಸಿಕೊಂಡು, ತಲೆ ಈ ಕಡೆ ಮಾಡಿ, ಯಾರ ಗಂಟೆಗೂ ಕಿವಿ ಕೊಡದೆ. ಮಾಡಿನ ತೊಲೆಗಳನ್ನು ನೋಡುತ್ತ, ದೇವರೇ, ನೀನು ಅವಳಿಗೆ ಆ ಒಂದು ಮಧ್ಯಾಹ್ನವನ್ನು ಕೊಟ್ಟಿದ್ದೀಯ, ದೊಡ್ಡವನು ನೀನು ಎಂದೆ. ನನಗೆ ನಿದ್ದೆ ಬರಲಿಲ್ಲ. ನಿದ್ದೆ ಮಾಡಲು ನಾನು ಅಲ್ಲಿಗೆ ಹೋಗಿರಲಿಲ್ಲ.

ಎದ್ದು ಬಂದು, ನಡೆ ಅಕ್ಕಯ್ಯಮ್ಮ, ಸುಳ್ಳು ಹೇಳಿದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳೋಣ ಎಂದು ಅವಳನ್ನು ಸಮುದ್ರಕ್ಕೆ ಕರೆದುಕೊಂಡು ಹೊರಟೆ.

ಮರಳು ಸುಡುತ್ತಿತ್ತು. ಚಪ್ಪಲಿಗಳು ಕಾವಲಿನವನ ಹತ್ತಿರವೇ ಉಳಿದಿದ್ದರಿಂದ ಹೆಂಗಸರೆಲ್ಲ ಓಡಿದರು, ನಾನೂ ಓಡಿದೆ. ನೀರಿನ ಅಂಚಿಗೆ ಬಂದು ಎಲ್ಲರೂ ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಂತರು. ಮುಂದೆ ಹೋಗಲು ಧೈರ್ಯವಿಲ್ಲ, ಹಿಂದೆ ಬರಲು ಮನಸ್ಸಿಲ್ಲ. ಎರಡು ಮೀನು ದೋಣಿಗಳು ದೂರದಲ್ಲಿ ತೂಗುತ್ತಿದ್ದವು. ಮರಳಿನ ಮೇಲೆ ಸಣ್ಣ ಏಡಿಗಳು ಬಿಲಕ್ಕೆ ಓಡಿ ಮತ್ತೆ ಬಂದು ಇಣುಕುತ್ತಿದ್ದವು. ಅಕ್ಕಯ್ಯಮ್ಮ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಬಾಯಿ ತೆರೆದೇ ಇತ್ತು.

ಹುಣ್ಣಿಮೆ ಅಮಾವಾಸ್ಯೆಯಲ್ಲದೆ ಸಮುದ್ರ ಮುಟ್ಟಬಾರದು ಎಂದು ನಾನು ಪುರಾಣ ಕೇಳುವಲ್ಲಿ ಕೇಳಿದ್ದೇನೆ. ಅಂದು ಎರಡೂ ಅಲ್ಲ. ಆದ್ದರಿಂದ ಒಣ ಮರಳಿನ ಮೇಲೆ ದೂರವಾಗಿಯೇ ನಿಂತೆ. ಒಂದು ಅಲೆ ಎಲ್ಲರನ್ನೂ ದಾಟಿಕೊಂಡು ಬಂದು ನನ್ನ ಮೊಣಕಾಲ ತನಕ ಪಂಚೆ ನೆನೆಸಿ ಹೋಯಿತು. ನಾನು ಮುಟ್ಟಲಿಲ್ಲ, ಅದೇ ಬಂದು ಮುಟ್ಟಿತು. ಇದಕ್ಕೆ ಶಾಸ್ತ್ರದಲ್ಲಿ ಏನು ಹೇಳಿದೆಯೋ ನನಗೆ ತಿಳಿಯದು. ಮುಂದಿನ ಅಲೆಗೂ ನಾನು ಹಿಂದೆ ಸರಿಯಲಿಲ್ಲ.

"ಎಂಗದೆ?" ಎಂದು ಅಕ್ಕಯ್ಯಮ್ಮನನ್ನು ಕೇಳಿದೆ.

ಅವಳು ಬಹಳ ಹೊತ್ತು ನೋಡಿ, "ನೀರು ಬಾವ" ಎಂದಳು. "ಬಾಳ ಅದೆ."

ಅಮಾವಾಸ್ಯೆಯ ದಿನ ರಾಧ ಬೆಳಗಿನಿಂದ ಅಡಿಗೆ ಮಾಡಿದಳು. ಕಳಶಕ್ಕೆ ಹೊಸ ಸೀರೆ ಉಡಿಸಿ, ಎಲೆ ಹಾಕಿ, ಪಾಯಸ, ಅವರೆಕಾಳು, ಹೋಳಿಗೆ ಎಲ್ಲವನ್ನೂ ಬಡಿಸಿದ್ದಳು, ಯಾವುದಾದರೂ ಒಂದು ಇದ್ದೀತು ಎಂದು. ನಾನು ಅಟ್ಟದಿಂದ ಹೊಸ ಚಾಪೆ ಇಳಿಸಿ ತಂದು ಎಲೆಯ ಪಕ್ಕದಲ್ಲಿ ಹಾಸಿದೆ. ಅದರ ಮೇಲೆ ಒಂದು ದಿಂಬು ಇಟ್ಟೆ. ತಲೆ ಯಾವ ಕಡೆ ಎಂದು ಸ್ವಲ್ಪ ಯೋಚಿಸಿ, ಕಿಟಕಿಯ ಗಾಳಿ ಬರುವ ಕಡೆಗೆ ಇಟ್ಟೆ.

ಹಬ್ಬಕ್ಕೆ ಬಂದಿದ್ದ ನನ್ನ ಅಣ್ಣ ಚಿಕ್ಕವೆಂಕಟಪ್ಪನಿಗೆ ಇದು ಸರಿಬರಲಿಲ್ಲ. "ಎಡೇಲಿ ಚಾಪೆ ಆಸೋದು ಯಾವೂರ್ ಸಂಪ್ರದಾಯಲಾ?" ಎಂದ.

"ಚಿಕ್ಕಪ್ಪನ್ಗೆ ಬಾಟ್ಲಿ ಇಡೋದು ಯಾವೂರ್ದೋ ಅದೇ ಊರ್ದು ಅಣ್ಣ."

ಅಕ್ಕಯ್ಯಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಆಣೆ ಇನ್ನೂ ಇದೆ ಎಂಬಂತೆ ಯಾರಿಗೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವಳಿಗೆ ಇಷ್ಟ, ಅಷ್ಟೇ ಎಂದೆ.

ಎಡೆ ಇಟ್ಟು ಧೂಪ ಹಾಕಿದ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋಗಲು ಸ್ವಲ್ಪ ಹೊತ್ತು ಬಿಟ್ಟು, ಮನೆಯ ಯಜಮಾನ, ಅಂದರೆ ನಾನು, ಚಪ್ಪಾಳೆ ತಟ್ಟಿ ಬಾಗಿಲು ತೆಗೆಯಬೇಕು. ಆಮೇಲೆ ನಮ್ಮ ಊಟ. ಆ ದಿನ ಅಡಿಗೆಯೇ ತಡವಾಗಿತ್ತು. ಅಣ್ಣ ಎರಡು ಸಲ ನನ್ನ ಮುಖ ನೋಡಿದ. ನಾಗೇಶ್ ಹಸಿವು ಎಂದ. ಲಿಖಿತ ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಉರುಳಾಡಿದಳು. ನಾನು ಚಪ್ಪಾಳೆ ತಟ್ಟಲಿಲ್ಲ.

ಕೊಟ್ಟಿಗೆಯಲ್ಲಿ ಹಸು ಕೊರಳು ಅಲ್ಲಾಡಿಸಿತು, ಗಂಟೆ ಬಡಿಯಿತು. ನಾನು ಎದ್ದು ಹೋಗಿ, ಹೆಗಲ ಮೇಲಿನ ಟವೆಲಿನ ಅಂಚು ಹರಿದು, ಗಂಟೆಯ ನಾಲಿಗೆಗೆ ಸುತ್ತಿ ಬಂದೆ.

"ಮಾವ, ಆಲಿನ ಒತ್ತಾಯ್ತು. ಬಾಗ್ಲು ತೆಗೀಬಾರ್ದಾ?" ಎಂದು ರಾಧ ಮೆಲ್ಲಗೆ ಕೇಳಿದಳು.

"ನೀನ್ ಓಗಿ ಕರ್ದು, ಡೈರಿಗ್ ಆಕ್ಬಾರಮ್ಮ" ಎಂದೆ. "ಆಮ್ಯಾಕೆ ತೆಗುದ್ರಾಯ್ತು."

ರಾಧ ಹಾಲು ಕರೆದಳು. ಕ್ಯಾನು ಎತ್ತಿಕೊಂಡು ಅಕ್ಕಯ್ಯಮ್ಮನ ಜೊತೆ ಡೈರಿಯ ದಾರಿ ಹಿಡಿದಳು. ಲಿಖಿತಳಿಗೆ ಸದ್ದು ಮಾಡಬೇಡ ಎಂದು ಕೈಸನ್ನೆ ಮಾಡಿ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಾನು ಹೊಸ್ತಿಲ ಮುಂದೆ ಕೂತೆ.